ಕಾಲುವೆ ಬಂತು, ಹೊಲಗಾಲುವೆ ಬೇಕು

(ಸಂಘದ ರಜತ ಮಹೋತ್ಸವ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಂಘಕ್ಕೆ 25 ವರ್ಷ ತುಂಬಿದ ಈ ಶುಭ ದಿನ ಸಾಲ, ಗೊಬ್ಬರ, ಬೀಜದ ಬಗ್ಗೆ ಹಿರಿಯರು ಸವಿಸ್ತಾರವಾಗಿ ಹೇಳಿದ್ದಾರೆ. ನಾವು ಬೇರೊಂದು ವಿಚಾರ ತಮ್ಮ ಮುಂದೆ ಇಡ್ತೀವಿ. ಅದು ಮನೆಮನೆಗೆ ಬರಬೇಕಾದ ವೇಗದ ಇಂಟರ್ನೆಟ್ ತಂತಿಯ ವಿಚಾರ. ರೈತರ ಸಂಘಕ್ಕೂ ಇದಕ್ಕೂ ಏನು ಸಂಬಂಧ ಅಂತ ಕೆಲವರು ಕೇಳಬಹುದು. ಸಂಬಂಧ ಐತೆ.

ಪಹಣಿ, ಬೆಳೆ ವಿಮೆ, ಮಕ್ಕಳ ಸ್ಕಾಲರ್‌ಶಿಪ್ ಅರ್ಜಿ ಎಲ್ಲಾ ಈಗ ಕಂಪ್ಯೂಟರಿನಲ್ಲೇ. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸರ್ಕಾರ 2022ರಲ್ಲಿ 2,516 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಲೆಕ್ಕ ಕಂಪ್ಯೂಟರಿಗೆ ಹೋಯಿತು ಅಂದಮೇಲೆ ನೆಟ್ ನಿಂತರೆ ಸಾಲದ ಕೆಲಸವೂ ನಿಲ್ಲುತ್ತದೆ. 2020-21ರಲ್ಲಿ ಶಾಲೆ ಮುಚ್ಚಿದಾಗ ನಮ್ಮ ಮಕ್ಕಳು ಸಿಗ್ನಲ್ ಹುಡುಕುತ್ತಾ ಮಾಳಿಗೆ ಹತ್ತಿದ್ದನ್ನು ತಾವೆಲ್ಲ ಕಂಡೀರಿ.

ಮೊಬೈಲ್ ಐತಲ್ಲ, ಸಾಲದೇ ಅಂತೀರಿ. ಒಂದು ಟವರಿನ ಶಕ್ತಿಯನ್ನು ಸುತ್ತಲಿನವರೆಲ್ಲ ಹಂಚಿಕೊಳ್ಳಬೇಕು. ಸಂಜೆ ಎಲ್ಲರೂ ಒಮ್ಮೆಗೇ ನೋಡಲು ಕೂತರೆ ವೇಗ ಇಳಿಯುತ್ತದೆ. 2023ರಲ್ಲಿ ಸರ್ಕಾರ ಬ್ರಾಡ್‌ಬ್ಯಾಂಡ್ ಅಂದರೆ ಕನಿಷ್ಠ 2 ಎಂಬಿಪಿಎಸ್ ಅಂತ ಗೊತ್ತುಮಾಡಿತು. ಆ ವೇಗದಲ್ಲಿ ಒಂದು ಜಿಬಿಯಷ್ಟು ಪಾಠದ ವಿಡಿಯೋ ಇಳಿಯಲು ಒಂದು ತಾಸಿಗೂ ಜಾಸ್ತಿ ಬೇಕು. 100 ಎಂಬಿಪಿಎಸ್ ಫೈಬರ್ ಇದ್ದ ಮನೆಯಲ್ಲಿ ಒಂದೂವರೆ ನಿಮಿಷ ಸಾಕು. ಬಳ್ಳಾರಿಯ ಹುಡುಗನಿಗೂ ಹಳ್ಳಿಯ ಹುಡುಗನಿಗೂ ಪರೀಕ್ಷೆ ಒಂದೇ, ತಂತಿ ಮಾತ್ರ ಒಂದೇ ಅಲ್ಲ.

ಹಾಗಂತ ಸರ್ಕಾರ ಏನೂ ಮಾಡಿಲ್ಲ ಅನ್ನೋದು ತಪ್ಪು. ಗ್ರಾಮ ಪಂಚಾಯ್ತಿಗಳಿಗೆ ಆಪ್ಟಿಕಲ್ ಫೈಬರ್ ಎಳೆಯುವ ಯೋಜನೆಗೆ 2011ರಲ್ಲೇ ಒಪ್ಪಿಗೆ ಸಿಕ್ಕಿತು. ಮುಂದೆ ಅದಕ್ಕೆ ಭಾರತ್‌ನೆಟ್ ಅಂತ ಹೆಸರಾಯಿತು. ಆದರೆ ಪಂಚಾಯ್ತಿ ತನಕ ಬಂದದ್ದು ಮನೆ ತನಕ ಬರಬೇಕಲ್ಲ? ನಮ್ಮ ಕುರುಗೋಡು ಸೀಮೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತುಂಗಭದ್ರೆಯ ಎಲ್‌ಎಲ್‌ಸಿ ಕಾಲುವೆ ತುಂಬಿ ಹರಿದರೂ ತೂಬಿನಿಂದ ಹೊಲಗಾಲುವೆ ಇಲ್ಲದಿದ್ದರೆ ಮೆಣಸಿನ ಗಿಡ ಒಣಗುತ್ತದೆ. ಕೊನೇ ಭಾಗದ ರೈತನ ಕಷ್ಟ ನಮಗೆ ಹೊಸದಲ್ಲ. ಇನ್ನೊಂದು ಮಾತು, ಕರೆಂಟ್ ಹೋಗಿ ಪಂಚಾಯ್ತಿಯಲ್ಲಿನ ಪೆಟ್ಟಿಗೆ ಆರಿದರೆ ತಂತಿ ಇದ್ದೂ ಇಲ್ಲದಂಗೆ.

ನಾವು ಒಂದು ಕಂಪನಿಯವರನ್ನು ವಿಚಾರಿಸಿದಾಗ "ನಿಮ್ಮ ಕಡೆ ಲೈನ್ ಇಲ್ಲ, ಒಂದೆರಡು ಮನೆಗೆ ಎಳೆದರೆ ಗಿಟ್ಟೋದಿಲ್ಲ" ಅಂದರು. ಅವರ ಲೆಕ್ಕ ಅವರಿಗೆ. ಒಬ್ಬೊಬ್ಬರೇ ಕೇಳಿದರೆ ಎಲ್ಲರಿಗೂ ಇದೇ ಉತ್ತರ. ಒಬ್ಬನಿಗೆ ಗಿಟ್ಟದ್ದನ್ನು ಹತ್ತು ಮಂದಿ ಕೂಡಿ ಗಿಟ್ಟಿಸೋದೇ ಸಹಕಾರ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದ್ದೂ ರೈತನಿಗೆ ಸಾಲ ಹುಟ್ಟದಿದ್ದ ಕಾಲದಲ್ಲೇ. ಅಮೆರಿಕದಲ್ಲೂ 1930ರ ದಶಕದಲ್ಲಿ ಕಂಪನಿಗಳು ಹಳ್ಳಿಗೆ ಕರೆಂಟ್ ಎಳೆಯಲು ಒಲ್ಲೆ ಅಂದಾಗ ರೈತರು ಸಹಕಾರ ಸಂಘ ಮಾಡಿ ತಾವೇ ಎಳೆದುಕೊಂಡರು. ಅಂಥ ಎಷ್ಟೋ ಸಂಘಗಳು ಇವತ್ತು ಫೈಬರ್ ಸಹ ಎಳೆಯುತ್ತಿವೆ.

ಈಗ ಕಾಲವೂ ಕೂಡಿಬಂದೈತೆ. 2023ರ ಆಗಸ್ಟ್‌ನಲ್ಲಿ ಒಪ್ಪಿಗೆಯಾದ ತಿದ್ದುಪಡಿ ಭಾರತ್‌ನೆಟ್ ಯೋಜನೆಗೆ 1,39,579 ಕೋಟಿ ರೂಪಾಯಿ ಇಟ್ಟಿದ್ದಾರೆ. ಗ್ರಾಮೀಣ ಮನೆಗಳಿಗೆ ಒಂದೂವರೆ ಕೋಟಿ ಫೈಬರ್ ಸಂಪರ್ಕ ಕೊಡುವ ಗುರಿ ಐತೆ. ಪಂಚಾಯ್ತಿಯಿಂದ ಮನೆಗೆ ತಂತಿ ಎಳೆದು ನೋಡಿಕೊಳ್ಳಲು ಸ್ಥಳೀಯ ಉದ್ಯಮಿಗಳಿಗೆ ಆದಾಯದಲ್ಲಿ ಪಾಲೂ ಉಂಟು. ನಮ್ಮೂರ ಓದಿದ ಹುಡುಗರಿಗೆ ಇದು ಊರಲ್ಲೇ ಸಿಗುವ ಕೆಲಸ.

ಆದ್ದರಿಂದ ಸಭೆಯಲ್ಲಿ ನಮ್ಮ ವಿನಂತಿ ಇಷ್ಟು. ತಿಂಗಳ ಬಾಡಿಗೆ ಕಟ್ಟಲು ತಯಾರಿರುವ ಮನೆಗಳ ಪಟ್ಟಿಯನ್ನು ಓಣಿವಾರು ಬರೆಯೋಣ. ಸಂಘದಿಂದ ಠರಾವು ಮಾಡಿ, ಗ್ರಾಮಸಭೆಯಲ್ಲೂ ಠರಾವು ಮಾಡಿಸಿ, ಪಟ್ಟಿ ಸಮೇತ ಅರ್ಜಿ ಕೊಡೋಣ. ಪೆಟ್ಟಿಗೆ ಇಡಲು ಜಾಗ, ಬ್ಯಾಟರಿ ಬೇಕಾದರೆ ಸಂಘ ಯೋಚನೆ ಮಾಡಲಿ. ದೂರದ ತೋಟದ ಮನೆ, ಬಡವರ ಓಣಿ ಪಟ್ಟಿಯಿಂದ ಬಿಡಬಾರದು. ಕೊನೇ ಮನೆಗೆ ಮುಟ್ಟಿದಾಗಲೇ ಕೆಲಸ ಮುಗೀತು ಅಂತ ಲೆಕ್ಕ.

ಪಟ್ಟಿಯ ಪುಸ್ತಕ ಕಾರ್ಯದರ್ಶಿಗಳ ಮೇಜಿನ ಮೇಲೆ ಇಡಿಸುತ್ತೇವೆ. ಊಟ ಮುಗಿಸಿ ಹೋಗುವಾಗ ದಯಮಾಡಿ ಹೆಸರು ಬರೆಸಿ ಹೋಗಿರಿ.

ಜೈ ಸಹಕಾರ, ಜೈ ಕರ್ನಾಟಕ.