ವಾರ್ಡು ಗೊತ್ತಿದ್ದವಳಿಗೆ ಕೆಲಸ ಇಲ್ಲವಂತೆ!

ನಾನು ಪಿಯುಸಿ ಓದಿ ಪ್ರೆಸ್ ನಡೆಸುವವನು. ಆಸ್ಪತ್ರೆ ವಿಚಾರ ಇವನಿಗೇಕೆ ಅನ್ನಬೇಡಿ. ಕೇಸ್ ಶೀಟು, ಜ್ವರದ ಚಾರ್ಟು, ಔಷಧಿ ಚಾರ್ಟು ವರ್ಷಗಟ್ಟಲೆ ಅಚ್ಚು ಹಾಕಿಕೊಟ್ಟಿದ್ದೇನೆ. ಆ ಹಾಳೆಗಳೆಲ್ಲ ಈಗ ಕಂಪ್ಯೂಟರಿಗೆ ಹೋಗುತ್ತಿವೆ. ಪರದೆಯ ಮೇಲೆ ನರ್ಸು ಎಲ್ಲಿ ಏನು ಬರೆಯಬೇಕು, ತಪ್ಪಾಗದಂತೆ ಹೇಗೆ ಬರೆಯಬೇಕು ಎಂದು ನೋಡಿಕೊಳ್ಳುವ ಕೆಲಸಕ್ಕೆ ನರ್ಸಿಂಗ್ ಇನ್‌ಫರ್ಮ್ಯಾಟಿಕ್ಸ್ ಎಂದು ಹೆಸರು. ಅಮೆರಿಕದ ದಾದಿಯರ ಸಂಘ 1992ರಲ್ಲೇ ಇದನ್ನು ದಾದಿಯರ ವಿಶೇಷ ಶಾಖೆ ಎಂದು ಒಪ್ಪಿತು. ನಮ್ಮ ಕೇಂದ್ರ ಸರ್ಕಾರವೂ ಕಂಪ್ಯೂಟರ್ ಆರೋಗ್ಯ ದಾಖಲೆಗಳಿಗೆ 2013ರಲ್ಲಿ ಮಾನದಂಡ ತಂದು, 2016ರಲ್ಲಿ ಪರಿಷ್ಕರಿಸಿತು.

ನನ್ನ ಅಕ್ಕನ ಮಗಳು ಬಿ.ಎಸ್ಸಿ. ನರ್ಸಿಂಗ್ ಮಾಡಿ ಆರು ವರ್ಷ ವಾರ್ಡಿನಲ್ಲಿ ದುಡಿದವಳು. ಇದೇ ಕೆಲಸಕ್ಕೆ ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದು ಸಂದರ್ಶನಕ್ಕೆ ಕರೆಯಿತು. ಮೂರು ಗಂಟೆ ಕಾಯಿಸಿದರು. ಒಳಗೆ ಕುಳಿತವರಲ್ಲಿ ಒಬ್ಬ ನರ್ಸೂ ಇಲ್ಲ. ‘ಪ್ರೋಗ್ರಾಂ ಬರೆಯೋಕೆ ಬರುತ್ತಾ?’ ಎಂದರು. ‘ಬರಲ್ಲ ಸಾರ್. ಔಷಧಿ ಕೊಡುವಾಗ ಎಲ್ಲಿ ತಪ್ಪಾಗುತ್ತೆ ಅಂತ ಗೊತ್ತು’ ಎಂದಳು. ‘ಹಾಗಾದರೆ ವಾರ್ಡಿನಲ್ಲೇ ಇರಮ್ಮ’ ಎಂದು ಎಬ್ಬಿಸಿ ಕಳಿಸಿದರು. ವಾರ್ಡಿನ ಬಗ್ಗೆ ಒಂದೇ ಒಂದು ಪ್ರಶ್ನೆ ಇಲ್ಲ!

ಇದೆಂಥ ಸಂದರ್ಶನ? ಅರ್ಧ ಮಿಲಿಗ್ರಾಂ ಔಷಧಿಯನ್ನು .5 ಎಂದು ಬರೆದರೆ ಚುಕ್ಕೆ ಕಾಣದೆ 5 ಆಗುತ್ತದೆ. ಹತ್ತು ಪಟ್ಟು! ಅದಕ್ಕೇ 0.5 ಎಂದು ಬರೆಯಬೇಕು. ನನ್ನ ಪ್ರೆಸ್ಸಿನಲ್ಲಿ ಚುಕ್ಕೆ ಬಿದ್ದುಹೋದರೆ ಲಗ್ನಪತ್ರಿಕೆ ಮತ್ತೆ ಅಚ್ಚಾಗುತ್ತದೆ. ವಾರ್ಡಿನಲ್ಲಿ ಜೀವ ಹೋಗಬಹುದು. ‘ಹೊಟ್ಟೆ ತೊಳಸ್ತದೆ ಸಿಸ್ಟರ್’ ಎಂದು ರೋಗಿ ಹೇಳಿದ್ದನ್ನು ಯಾವ ಕಾಲಂಗೆ ಹಾಕಬೇಕೆಂದು ಹೇಳುವವರು ಯಾರು? ಬರೀ ಪ್ರೋಗ್ರಾಂ ಬಲ್ಲವರೇ?

ನಮ್ಮ ತಂದೆಯ ಕಾಲದಲ್ಲಿ ಮೊಳೆ ಹೋಗಿ ಡಿಟಿಪಿ ಬಂತು. ಮೊಳೆ ಜೋಡಿಸುತ್ತಿದ್ದವರು ಕೀಲಿಮಣೆಯನ್ನು ಕೆಲವೇ ತಿಂಗಳಲ್ಲಿ ಕಲಿತರು. ಬರೀ ಕೀಲಿಮಣೆ ಕಲಿತು ಬಂದವರಿಗೆ ಒತ್ತಕ್ಷರ ತಿದ್ದಿಸುವಷ್ಟರಲ್ಲಿ ಸಾಕುಸಾಕಾಯಿತು. ಯಂತ್ರ ಕಲಿಯಬಹುದು, ಕಸುಬು ಬೇಗ ಬರುವುದಿಲ್ಲ.

ನೀವು ಇಂಥ ಸಂದರ್ಶನಕ್ಕೆ ಹೋಗುವ ಮೊದಲು ಕೆಲಸದ ವಿವರವನ್ನು ಬರವಣಿಗೆಯಲ್ಲಿ ಕೇಳಿ. ಅವರಿಗೆ ಬೇಕಾದದ್ದು ಎಂಜಿನಿಯರೋ ನರ್ಸೋ ಎಂಬುದು ಅಲ್ಲೇ ಗೊತ್ತಾಗುತ್ತದೆ. ವಾರ್ಡಿನ ಒಂದು ಖಾಲಿ ಫಾರಂ ಒಯ್ಯಿರಿ. ಎಲ್ಲಿ ತಪ್ಪಾಗುತ್ತದೆ, ಹೇಗೆ ಸರಿಪಡಿಸುವಿರಿ ಎಂದು ಅವರ ಮೇಜಿನ ಮೇಲೇ ತೋರಿಸಿ. ಕೇಳದಿದ್ದರೂ ತೋರಿಸಿ. ತಲೆ ತಗ್ಗಿಸಿ ಎದ್ದು ಬರಬೇಡಿ!