ಕೊಳಚೆ ನೀರಿನ ಶುದ್ಧೀಕರಣಕ್ಕೆ ಹಣ ಎಲ್ಲಿಂದ?

(ಅಟ್ಟೂರಿನಲ್ಲಿ ಕೆರೆಗಳ ರಕ್ಷಣೆಯ ಕುರಿತು ಸೇರಿದ್ದ ನಾಗರಿಕರ ಸಭೆಯಲ್ಲಿ ನಮ್ಮ ಬಳಗದ ಪರವಾಗಿ ಮಾಡಿದ ಭಾಷಣದ ಪಠ್ಯ)



ನಗರದ ಕೊಳಚೆ ನೀರಿನ ವಿಷಯದಲ್ಲಿ ಮಲೆನಾಡಿನವರಿಗೆ ಏನು ಕೆಲಸ ಎಂಬ ಪ್ರಶ್ನೆ ಸಹಜವಾದುದೇ. ನಿಮ್ಮ ನಲ್ಲಿಗಳಲ್ಲಿ ಹರಿಯುವ ಕಾವೇರಿಯು ಕೊಡಗು, ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಬೆಟ್ಟಗಳಲ್ಲಿ ಹುಟ್ಟಿದ ಹೊಳೆಗಳ ನೀರನ್ನು ಹೊತ್ತು ತರುತ್ತಾಳೆ. ಆ ನೀರು ನಿಮ್ಮ ಮನೆಗಳನ್ನು ಬಿಟ್ಟ ಮೇಲೆ ಮರುಬಳಕೆಗೆ ಒದಗುತ್ತದೆಯೋ ಕೊಳೆತು ಹೋಗುತ್ತದೆಯೋ ಎಂಬುದನ್ನು ಅವಲಂಬಿಸಿ ನಮ್ಮ ಇನ್ನೆಷ್ಟು ಹೊಳೆಗಳಿಗೆ ಕೊಳವೆ ಬೀಳಬೇಕೆಂಬುದು ತೀರ್ಮಾನವಾಗುತ್ತದೆ. ನಮ್ಮ ಆಸಕ್ತಿಗೆ ಇದೇ ಕಾರಣ.

2024ರ ಅಕ್ಟೋಬರ್ 16ರಂದು ಕಾವೇರಿ ಐದನೆಯ ಹಂತದ ಉದ್ಘಾಟನೆಯಾಯಿತು. ಜಪಾನಿನ ಜೈಕಾ ಸಂಸ್ಥೆಯ ಸಾಲದ ನೆರವಿನ ಈ ಯೋಜನೆಯ ಸಾಮರ್ಥ್ಯ ದಿನಕ್ಕೆ 775 ದಶಲಕ್ಷ ಲೀಟರ್. ಬಳಸಿದ ನೀರಿನಲ್ಲಿ ಶೇ. 80ರಷ್ಟು ಕೊಳಚೆಯಾಗಿ ಹೊರಬರುತ್ತದೆಂಬುದು ಎಂಜಿನಿಯರುಗಳ ಸಾಮಾನ್ಯ ಲೆಕ್ಕ. ಆ ಪ್ರಕಾರ ಈ ಒಂದು ಹಂತದಿಂದಲೇ ದಿನಕ್ಕೆ ಸುಮಾರು 620 ದಶಲಕ್ಷ ಲೀಟರ್ ಕೊಳಚೆ ನೀರು ಹೊಸದಾಗಿ ಉಂಟಾಗಬಲ್ಲುದು. ಯೋಜನೆಯಲ್ಲಿ ಒಳಚರಂಡಿ ಕಾಮಗಾರಿಗಳೂ ಸೇರಿವೆ. ಆದರೆ ಹೊಸ ಘಟಕಗಳನ್ನು ಕಟ್ಟಿದರಷ್ಟೇ ಸಾಲದು, ಹಳೆಯವುಗಳೂ ಮೇಲ್ದರ್ಜೆಗೇರಬೇಕು.

ಮೇಲ್ದರ್ಜೆ ಎಂದರೇನು? ಮೊದಲ ಹಂತದಲ್ಲಿ ಘನವಸ್ತುಗಳು ತಳಕ್ಕಿಳಿಯುತ್ತವೆ. ಎರಡನೆಯ ಹಂತದಲ್ಲಿ ಗಾಳಿ ಊದಿ ಬೆಳೆಸಿದ ಸೂಕ್ಷ್ಮಾಣುಗಳು ಸಾವಯವ ಕೊಳೆಯನ್ನು ತಿಂದು ಮುಗಿಸುತ್ತವೆ. ಬಹುಕಾಲ ನಮ್ಮ ಘಟಕಗಳಲ್ಲಿ ಹೆಚ್ಚಿನವು ಇಲ್ಲಿಗೇ ನಿಂತಿದ್ದವು. ಸಾರಜನಕ, ರಂಜಕಗಳು ನೀರಿನಲ್ಲೇ ಉಳಿದು ಕೆರೆಗೆ ಗೊಬ್ಬರವಾಗಿ ಪಾಚಿ, ಅಂತರಗಂಗೆಗಳನ್ನು ಬೆಳೆಸುತ್ತವೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2019ರ ಏಪ್ರಿಲ್ ಆದೇಶದಲ್ಲಿ ಲೀಟರಿಗೆ ಒಟ್ಟು ಸಾರಜನಕ 10 ಮಿಲಿಗ್ರಾಂ, ರಂಜಕ 1 ಮಿಲಿಗ್ರಾಂ ಮೀರಬಾರದೆಂದು ಹೇಳಿತು. ಆ ಮಟ್ಟವನ್ನು ಮುಟ್ಟಬೇಕಾದರೆ ಹೊಸ ತೊಟ್ಟಿಗಳು, ಶೋಧಕಗಳು, ಹೆಚ್ಚಿನ ವಿದ್ಯುತ್ತು ಬೇಕು. ಹರಿಯುತ್ತಿರುವ ಕೊಳಚೆಯನ್ನು ಒಂದು ದಿನವೂ ನಿಲ್ಲಿಸಲಾಗದ ಕಾರಣ, ನಡೆಯುತ್ತಿರುವ ಘಟಕದ ಪಕ್ಕದಲ್ಲೇ ಇಕ್ಕಟ್ಟಿನಲ್ಲಿ ಕಟ್ಟಬೇಕು. ಇವೆಲ್ಲವೂ ವೆಚ್ಚದ ಬಾಬತ್ತುಗಳೇ.

ಸಿಮೆಂಟು, ಕಬ್ಬಿಣ, ಯಂತ್ರೋಪಕರಣ, ಕೂಲಿಗಳ ದರ ಏರುತ್ತಿರುವುದರಿಂದ ಕಾಮಗಾರಿಯನ್ನು ಮುಂದೂಡೋಣ ಎಂಬ ವಾದವಿದೆ. ಉದಾಹರಣೆಗೆ, ವರ್ಷಕ್ಕೆ ಶೇ. 6ರಂತೆ ದರ ಏರಿದರೆ ಇಂದಿನ 100 ಕೋಟಿ ರೂಪಾಯಿಯ ಕೆಲಸಕ್ಕೆ ಐದು ವರ್ಷಗಳ ತರುವಾಯ ಸುಮಾರು 134 ಕೋಟಿ ಬೇಕಾಗುತ್ತದೆ. ಮುಂದೂಡಿದವರಿಗೆ ಉಳಿತಾಯವಿಲ್ಲ, ಕೆರೆಗೆ ಐದು ವರ್ಷಗಳ ಕೊಳಕು ಮಾತ್ರ ಹೆಚ್ಚುವರಿ.

ಅಲ್ಲದೆ, ದರ ಏರಿಕೆಯು ಎಲ್ಲ ಯೋಜನೆಗಳನ್ನೂ ಹೀಗೆ ತಡೆದಿಲ್ಲ. ಸಕಲೇಶಪುರದ ಎತ್ತಿನಹೊಳೆ ಯೋಜನೆಯ ಅಂದಾಜು 2012ರಲ್ಲಿ 8,323 ಕೋಟಿ, 2014ರಲ್ಲಿ 12,912 ಕೋಟಿ, 2023ರಲ್ಲಿ 23,251 ಕೋಟಿ ರೂಪಾಯಿ. ಪ್ರತಿ ಸಲವೂ ಪರಿಷ್ಕೃತ ಅಂದಾಜಿಗೆ ಒಪ್ಪಿಗೆ ದೊರೆಯಿತು. ಅದರ ಗುರಿ 24 ಟಿಎಂಸಿ ನೀರು. ಅದು ತಲುಪಬೇಕಾದ ಜಿಲ್ಲೆಗಳಲ್ಲಿ ಕೋಲಾರ, ಚಿಕ್ಕಬಳ್ಳಾಪುರಗಳೂ ಸೇರಿವೆ. ಇದೇ ಜಿಲ್ಲೆಗಳ ಕೆರೆಗಳಿಗೆ ಬೆಂಗಳೂರಿನ ಶುದ್ಧೀಕರಿಸಿದ ನೀರನ್ನು ಒಯ್ಯಲು ಕೆ.ಸಿ. ವ್ಯಾಲಿ ಹಾಗೂ ಎಚ್.ಎನ್. ವ್ಯಾಲಿ ಯೋಜನೆಗಳು ರೂಪುಗೊಂಡವು. ಅವುಗಳ ಸಾಮರ್ಥ್ಯ ದಿನಕ್ಕೆ ಕ್ರಮವಾಗಿ 440 ಹಾಗೂ 210 ದಶಲಕ್ಷ ಲೀಟರ್. ಪೂರ್ಣ ಪ್ರಮಾಣದಲ್ಲಿ ಹರಿದರೆ ಎರಡೂ ಕೂಡಿ ವರ್ಷಕ್ಕೆ ಎಂಟು ಟಿಎಂಸಿಗೂ ಹೆಚ್ಚು, ಅಂದರೆ ಎತ್ತಿನಹೊಳೆಯ ಗುರಿಯ ಮೂರನೆಯ ಒಂದು ಭಾಗ. ಈ ನೀರು ಕುಡಿಯಲು ಅಲ್ಲ, ಕೆರೆ ತುಂಬಿಸಿ ಅಂತರ್ಜಲ ಹೆಚ್ಚಿಸಲು. ಹಾಗಿದ್ದರೂ 2018ರ ಜುಲೈ ತಿಂಗಳಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಕಾಣಿಸಿಕೊಂಡಾಗ ಹೈಕೋರ್ಟು ಹರಿವನ್ನು ತಡೆಹಿಡಿಯಿತು. ಹರಿವು ಮತ್ತೆ ಆರಂಭವಾದರೂ ರೈತರ ಆತಂಕ ಪೂರ್ತಿ ಅಳಿಯಲಿಲ್ಲ. ಮರುಬಳಕೆಯ ನೀರನ್ನು ಜನ ನಂಬದಿದ್ದರೆ, ಕಣ್ಣು ಮತ್ತೆ ಪಶ್ಚಿಮ ಘಟ್ಟದ ಕಡೆಗೇ ತಿರುಗುತ್ತದೆ.

ನಂಬಿಕೆ ಹುಟ್ಟಿಸುವ ಉದಾಹರಣೆ ನಿಮ್ಮ ನೆರೆಯಲ್ಲೇ ಇದೆ. ಜಕ್ಕೂರು ಕೆರೆಯಲ್ಲಿ ಶುದ್ಧೀಕರಣ ಘಟಕದಿಂದ ಹೊರಬಂದ ನೀರು ಜೊಂಡು ಬೆಳೆದ ಜೌಗು ಪ್ರದೇಶವನ್ನು ಹಾದು ಕೆರೆಗೆ ಇಳಿಯುತ್ತದೆ. ಅಲ್ಲಿ ಮೀನುಗಾರಿಕೆ ನಡೆಯುತ್ತದೆ, ಹಕ್ಕಿಗಳು ಬರುತ್ತವೆ.

ಹಣದ ದಾರಿಗಳ ಬಗ್ಗೆ ನಮ್ಮ ಸಲಹೆಗಳು ನಾಲ್ಕು. ಒಂದು, ಜಲಮಂಡಳಿಯು ನೀರಿನ ಬಿಲ್ಲಿನೊಡನೆ ವಸೂಲು ಮಾಡುವ ನೈರ್ಮಲ್ಯ ಶುಲ್ಕವನ್ನು ಪ್ರತ್ಯೇಕ ಖಾತೆಯಲ್ಲಿಟ್ಟು, ಶುದ್ಧೀಕರಣಕ್ಕೆ ಮಾತ್ರ ಬಳಸಲಿ. 2014ರ ನಂತರ ಹನ್ನೊಂದು ವರ್ಷ ದರ ಪರಿಷ್ಕರಿಸದೆ, 2025ರ ಏಪ್ರಿಲ್‌ನಲ್ಲಿ ಒಮ್ಮೆಲೇ ಏರಿಸಲಾಯಿತು. ಏರಿಸಿದ ಹಣ ಎಲ್ಲಿ ಹೋಯಿತೆಂದು ಕೇಳುವುದು ಗ್ರಾಹಕರ ಹಕ್ಕು. ಕಡಿಮೆ ನೀರು ಬಳಸುವ ಬಡ ಮನೆಗಳ ಮೇಲೆ ಹೊರೆ ಬೀಳಕೂಡದು. ಎರಡು, ದೊಡ್ಡ ಕಟ್ಟಡಗಳಿಂದ ಪಡೆಯುವ ಪ್ರೊರೇಟಾ ಶುಲ್ಕದ ನಿಶ್ಚಿತ ಪಾಲು, ಆ ಕಟ್ಟಡದ ಕೊಳಚೆ ಸೇರುವ ಘಟಕಕ್ಕೇ ಸಲ್ಲಲಿ. ಮೂರು, ಯಲಹಂಕದ ಘಟಕದಿಂದ ವಿಮಾನ ನಿಲ್ದಾಣಕ್ಕೆ ಮಾರುವಂತೆ, ಮೂರನೆಯ ಹಂತದವರೆಗೆ ಶುದ್ಧಗೊಂಡ ನೀರನ್ನು ಕಟ್ಟಡ ಕಾಮಗಾರಿಗೂ ಕಾರ್ಖಾನೆಗಳಿಗೂ ಮಾರುವುದು ವಿಸ್ತಾರವಾಗಲಿ. ನಾಲ್ಕು, ಗುತ್ತಿಗೆದಾರರಿಗೆ ಕಟ್ಟಿ ಮುಗಿಸಿದ ಕೂಡಲೇ ಪೂರ್ತಿ ಹಣ ಕೊಡುವುದು ಬೇಡ. ನಮಾಮಿ ಗಂಗೆ ಯೋಜನೆಯಲ್ಲಿ 2016ರಿಂದ ಅಳವಡಿಸಿದ ಪದ್ಧತಿಯಲ್ಲಿ ನಿರ್ಮಾಣದ ಅವಧಿಯಲ್ಲಿ ಶೇ. 40ರಷ್ಟು ಕೊಟ್ಟು, ಉಳಿದುದನ್ನು ಹದಿನೈದು ವರ್ಷ ಘಟಕದ ಕಾರ್ಯನಿರ್ವಹಣೆಯನ್ನು ನೋಡಿ ಕಂತುಗಳಲ್ಲಿ ಕೊಡುತ್ತಾರೆ. ಕಟ್ಟಿ ಕೈಬಿಡುವ ರೂಢಿಗೆ ಇದು ಕಡಿವಾಣ ಹಾಕಬಲ್ಲುದು.

ಬಂಧುಗಳೇ, ನಿಮ್ಮ ಊರಿಗೆ ನೀರು ಬೇಡವೆನ್ನಲು ನಾವು ಬಂದವರಲ್ಲ. ಕಾಡು ಕಡಿದು, ಬೆಟ್ಟ ಕೊರೆದು ತಂದ ನೀರು ಒಂದೇ ಬಳಕೆಗೆ ಮುಗಿದುಹೋಗಬಾರದೆಂಬುದಷ್ಟೇ ನಮ್ಮ ಬೇಡಿಕೆ. ಪ್ರತಿ ಘಟಕದಿಂದ ಹೊರಬೀಳುವ ನೀರಿನ ಪರೀಕ್ಷಾ ಫಲಿತಾಂಶವನ್ನು ತಿಂಗಳಿಗೊಮ್ಮೆ ಕನ್ನಡದಲ್ಲಿ ಕೆರೆಯ ಬಾಗಿಲಲ್ಲಿ ಪ್ರಕಟಿಸಬೇಕೆಂದು ಇಂದಿನ ಸಭೆ ಜಲಮಂಡಳಿಗೆ ಮನವಿ ಬರೆಯಲಿ. ಅದಕ್ಕೆ ನಮ್ಮ ಬಳಗದ ಸಹಿಯೂ ಇರುತ್ತದೆ.