ಉಬ್ಬಸವೂ ಉಸಿರಾಡುವ ಗಾಳಿಯೂ

ಭಟ್ಕಳ, ಹೊನ್ನಾವರ, ಕುಮಟಾಗಳ ನಿವಾಸಿಗಳಿಗೆ ಮಳೆಯ ವರ್ಣನೆ ಬೇಕಾಗಿಲ್ಲ. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಈ ಮಳೆಯಲ್ಲಿ ಗೋಡೆ ಬೆವರುತ್ತದೆ, ಪುಸ್ತಕದ ರಟ್ಟಿಗೆ ಬೂಷ್ಟು ಹಿಡಿಯುತ್ತದೆ, ಹಾಸಿಗೆ ಒಣಗುವುದೇ ಇಲ್ಲ. ಇಂಥದೊಂದು ಮಳೆಗಾಲದಲ್ಲಿ ನನ್ನ ತರಗತಿಯ ಹುಡುಗನೊಬ್ಬ ವಾರಕ್ಕೆ ಎರಡು ದಿನ ಶಾಲೆ ತಪ್ಪಿಸುತ್ತಿದ್ದ. ಮೈಗಳ್ಳನೆಂದು ಬಗೆದು ನಾನು ಅವನನ್ನು ಎಲ್ಲರೆದುರು ಗದರಿಸಿದೆ. ಮರುದಿನ ಅವನ ತಾಯಿ ಬಂದು, “ರಾತ್ರಿಯಿಡೀ ಕೂತೇ ಇದ್ದ ಮಾಸ್ತರೇ, ಮಲಗಿದರೆ ಉಸಿರು ಕಟ್ತದೆ” ಎಂದರು. ಅಂದು ನನಗಾದ ನಾಚಿಕೆಯೇ ಈ ಭಾಷಣಕ್ಕೆ ಕಾರಣ.

ಕುಳಿತರೆ ನೆಮ್ಮದಿ, ಮಲಗಿದರೆ ಸಂಕಟ ಎಂಬ ಆ ತಾಯಿಯ ಮಾತು ಹೊಸದಲ್ಲ. ಚರಕಸಂಹಿತೆಯು ಶ್ವಾಸರೋಗವನ್ನು ಐದು ಬಗೆಯಾಗಿ ವಿಂಗಡಿಸಿ, ಅವುಗಳಲ್ಲೊಂದಾದ ತಮಕಶ್ವಾಸಕ್ಕೆ ಇದೇ ಲಕ್ಷಣವನ್ನು ಹೇಳಿದೆ. ಮೋಡ, ನೀರು, ಶೀತಗಳಿಂದ ಅದು ಕೆರಳುವುದೆಂದೂ, ಧೂಳು ಮತ್ತು ಹೊಗೆ ಶ್ವಾಸರೋಗಕ್ಕೆ ಕಾರಣಗಳೆಂದೂ ಹೇಳಿದೆ. ನಾವು ಉಬ್ಬಸ, ಗೂರಲು, ದಮ್ಮು ಎನ್ನುವುದೂ ಇದನ್ನೇ.

ಶ್ವಾಸನಾಳಗಳ ಒಳಪೊರೆ ಊದಿಕೊಂಡು, ಸುತ್ತಲ ಸ್ನಾಯುಗಳು ಬಿಗಿದು, ಲೋಳೆ ತುಂಬಿದಾಗ ಗಾಳಿಯ ಹಾದಿ ಕಿರಿದಾಗುತ್ತದೆ. ಆಗ ಕೇಳುವುದೇ ಆ ಸುಯ್ಯೆಂಬ ಸದ್ದು. ಅನೇಕರಲ್ಲಿ ಇದರ ಹಿಂದೆ ಅಲರ್ಜಿ ಇರುತ್ತದೆ. 1906ರಲ್ಲಿ ವಿಯೆನ್ನಾದ ವೈದ್ಯ ಪಿರ್ಕೆ ಈ ಶಬ್ದವನ್ನು ಟಂಕಿಸಿದರು. “ನನಗೆ ಅದು ಆಗುವುದಿಲ್ಲ” ಎಂದು ನಮ್ಮ ಹಿರಿಯರು ಹೇಳುತ್ತಿದ್ದ ಮಾತಿನಲ್ಲಿ ಇದರ ಅರ್ಥವೆಲ್ಲ ಅಡಗಿದೆ. ಪರರಿಗೆ ನಿರುಪದ್ರವಿಯಾದ ವಸ್ತುವನ್ನು ಒಬ್ಬನ ದೇಹ ಶತ್ರುವೆಂದು ಬಗೆಯುತ್ತದೆ.

ಹಿಂದಿನವರು ಕಾರಣಗಳನ್ನು ಕಂಡಿದ್ದರು. ಅವನ್ನು ನಮ್ಮ ರಾಜ್ಯದಲ್ಲಿ ಎಣಿಸಿ ತೋರಿಸಿದವರಲ್ಲಿ ಬೆಂಗಳೂರಿನ ಮಕ್ಕಳ ಶ್ವಾಸಕೋಶತಜ್ಞ ಡಾ. ಎಚ್. ಪರಮೇಶ್ ಪ್ರಮುಖರು. 1979ರಿಂದ 1999ರವರೆಗೆ, ಐದೈದು ವರ್ಷಗಳಿಗೊಮ್ಮೆ, ಆಸ್ಪತ್ರೆಗೆ ಬಂದ ಒಟ್ಟು 20,000 ಮಕ್ಕಳ ಲೆಕ್ಕವನ್ನು ಅವರು ಇಟ್ಟರು. ಉಬ್ಬಸವುಳ್ಳವರ ಪ್ರಮಾಣ ಮೊದಲ ವರ್ಷದಲ್ಲಿ ನೂರಕ್ಕೆ 9 ಇದ್ದುದು ಕೊನೆಗೆ 29.5ಕ್ಕೆ ಏರಿತ್ತು. ಇದು ಆಸ್ಪತ್ರೆಯ ಲೆಕ್ಕ, ಇಡೀ ಊರಿನದಲ್ಲ ಎಂಬ ಆಕ್ಷೇಪ ಸಹಜವೇ. ಅದಕ್ಕೆ ಉತ್ತರವೆಂಬಂತೆ 12 ಶಾಲೆಗಳ 6,550 ಮಕ್ಕಳ ಸಮೀಕ್ಷೆಯೂ ನಡೆಯಿತು. ವಾಹನ ಸಂಚಾರ ಕಡಿಮೆಯಿದ್ದ ಕಡೆಯ ಶಾಲೆಗಳಲ್ಲಿ ನೂರಕ್ಕೆ 11.15, ದಟ್ಟವಾಗಿದ್ದ ಕಡೆ 19.34, ದಟ್ಟ ಸಂಚಾರದ ಪ್ರದೇಶದಲ್ಲೇ ಇದ್ದ ಬಡಮಕ್ಕಳ ಶಾಲೆಗಳಲ್ಲಿ 31.14. ಈ ಕೊನೆಯ ಅಂಕಿಯನ್ನು ಮತ್ತೊಮ್ಮೆ ಓದಿರಿ. ಗಾಳಿ ಎಲ್ಲರಿಗೂ ಒಂದೇ ಎನ್ನುತ್ತೇವೆ. ಆದರೆ ಅದರ ಕೇಡು ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿಲ್ಲ.

ನಮ್ಮದು ಕಡಲ ಗಾಳಿ, ನಮಗೇನು ಭಯ ಎನ್ನುವಿರಾ? ರಾಷ್ಟ್ರೀಯ ಹೆದ್ದಾರಿ 66 ನಮ್ಮ ಮೂರೂ ಊರುಗಳನ್ನು ಹಾದೇ ಹೋಗುತ್ತದೆ. ಅದಕ್ಕಿಂತ ಸಮೀಪದ್ದು ಒಲೆ. ಭಾರತೀಯ ವಿಜ್ಞಾನ ಸಂಸ್ಥೆಯ ಡಾ. ಟಿ. ವಿ. ರಾಮಚಂದ್ರ ಮತ್ತು ಸಂಗಡಿಗರು ನಮ್ಮ ಜಿಲ್ಲೆಯ 90 ಹಳ್ಳಿಗಳ 1,304 ಮನೆಗಳನ್ನು ಸಮೀಕ್ಷಿಸಿ 2000ದಲ್ಲಿ ಪ್ರಕಟಿಸಿದ ವರದಿಯಂತೆ, ಕರಾವಳಿಯಲ್ಲಿ ಅಡಿಗೆಗೇ ತಲೆಗೆ ದಿನಕ್ಕೆ ಸುಮಾರು 2 ಕಿಲೋ ಕಟ್ಟಿಗೆ ಉರಿಯುತ್ತಿತ್ತು. ಈಗ ಅನೇಕ ಮನೆಗಳಿಗೆ ಗ್ಯಾಸ್ ಬಂದಿದೆ, ನಿಜ. ಆದರೆ ಬಚ್ಚಲೊಲೆ ಎಷ್ಟೋ ಮನೆಗಳಲ್ಲಿ ಇನ್ನೂ ಆರಿಲ್ಲ. ಮಳೆಗಾಲದ ಹಸಿ ಕಟ್ಟಿಗೆ ಉರಿಯುವುದಕ್ಕಿಂತ ಹೊಗೆಯಾಡುವುದೇ ಹೆಚ್ಚು. ಇದರ ಮೇಲೆ, ತೇವದಲ್ಲಿ ಬೂಷ್ಟು. ಹಾಸಿಗೆ ದಿಂಬುಗಳಲ್ಲಿ ಕಣ್ಣಿಗೆ ಕಾಣದ ಧೂಳುನುಸಿ.

ಮಾಡಬಹುದಾದುದು ಬಹಳಿದೆ. ಒಲೆಗೆ ಹೊಗೆಕೊಳವೆ ಇರಲಿ. ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆ ಇದಕ್ಕೆ ಮೇಲ್ಪಂಕ್ತಿ. ಕಟ್ಟಿಗೆಯನ್ನು ಬೇಸಗೆಯಲ್ಲೇ ಒಣಗಿಸಿ ಒಳಗಿಡಿ. ಬಿಸಿಲು ಬಿದ್ದ ದಿನ ಹಾಸಿಗೆ ಹೊರಗೆ ಹಾಕಿ, ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆಯಿರಿ. ಮನೆಯೊಳಗೆ ಬೀಡಿ ಸಿಗರೇಟು ಬೇಡ.

ಇನ್ನು ಇನ್‌ಹೇಲರ್. “ಪಂಪು ಹಿಡಿದರೆ ಚಟವಾಗುತ್ತದೆ, ಹುಡುಗಿಗೆ ಗಂಡು ಸಿಗುವುದಿಲ್ಲ” ಎಂಬ ಮಾತನ್ನು ನೀವೂ ಕೇಳಿರಬಹುದು. ಲೆಕ್ಕ ನೋಡಿ. ಸಾಲ್ಬುಟಮಾಲ್ ಮಾತ್ರೆಯೊಂದರಲ್ಲಿ 2 ಅಥವಾ 4 ಮಿಲಿಗ್ರಾಂ ಔಷಧವಿದ್ದರೆ, ಪಂಪಿನ ಒಂದು ಒತ್ತಿನಲ್ಲಿ ಇರುವುದು ಮಿಲಿಗ್ರಾಮಿನ ಹತ್ತನೆಯ ಒಂದು ಪಾಲು. ಮಾತ್ರೆ ಮೈಯೆಲ್ಲ ಸುತ್ತುತ್ತದೆ. ಪಂಪಿನ ಔಷಧ ನೇರವಾಗಿ ಶ್ವಾಸನಾಳ ಸೇರುತ್ತದೆ. ಆದರೆ ಇದು ಬಿಗಿದ ಸ್ನಾಯುವನ್ನು ಆ ಕ್ಷಣಕ್ಕೆ ಸಡಿಲಿಸುವ ಔಷಧ ಮಾತ್ರ. ಊತವನ್ನು ತಗ್ಗಿಸುವ ಔಷಧ ಬೇರೆ. ಉಪಶಮನವಾಯಿತೆಂದು ಅದನ್ನು ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ಮಾತಾಡಲಾಗದಷ್ಟು ಏದುಸಿರು ಬಂದರೆ, ತುಟಿ ನೀಲಿಗಟ್ಟಿದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಧಾವಿಸಬೇಕು.

ನಮ್ಮ ಹುಡುಗ ಔಷಧವನ್ನು ಕ್ರಮವಾಗಿ ತೆಗೆದುಕೊಳ್ಳತೊಡಗಿದ. ಮುಂದಿನ ಮಳೆಗಾಲದಲ್ಲಿ ಅವನ ಹಾಜರಿ ಬಹುಮಟ್ಟಿಗೆ ಸರಿಹೋಯಿತು. ನಾನು ಅವನ ಕ್ಷಮೆ ಕೇಳಿದಾಗ ಅವನು ನಕ್ಕುಬಿಟ್ಟ. ನಿಮ್ಮ ಮನೆಯ ಅಥವಾ ನೆರೆಮನೆಯ ಮಗು ಮಳೆಗಾಲದಲ್ಲಿ ಶಾಲೆ ತಪ್ಪಿಸಿದರೆ, ಗದರುವ ಮೊದಲು ಅದರ ಉಸಿರಿಗೊಮ್ಮೆ ಕಿವಿಗೊಡಿ.